ಕ್ರೊಯೇಷಿಯಾ ಕರಾವಳಿಯಲ್ಲಿ ಒಳ್ಳೆಯ ಊಟ ಹುಡುಕುವುದು ಹೇಗೆ?

[ಪರದೆಯಲ್ಲಿ: ಸ್ಪ್ಲಿಟ್ ಬಂದರು, ಬೆಳಗಿನ ಹೊತ್ತು]

ನಮಸ್ಕಾರ. ಸ್ಪ್ಲಿಟ್, ದುಬ್ರೊವ್ನಿಕ್ ಕಡೆ ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಊಟಕ್ಕೆ ಎಲ್ಲಿಗೆ ಹೋಗಬೇಕು? ಮೊಬೈಲ್ ತೆರೆದರೆ ಎಲ್ಲ ಹೋಟೆಲುಗಳಿಗೂ ಹೆಚ್ಚುಕಡಿಮೆ ಅಷ್ಟೇ ನಕ್ಷತ್ರಗಳು. ಅದನ್ನು ಬದಿಗಿಟ್ಟು ಇನ್ನೊಂದು ಪ್ರಶ್ನೆ ಕೇಳೋಣ: ಆ ಊರಿನವರು ಯಾವ ಹೊತ್ತಿಗೆ ಉಣ್ಣುತ್ತಾರೆ?

ಮೊದಲು ತಿಳಿದಿರಬೇಕಾದ ಎರಡು ಮಾತು. 2023ರ ಜನವರಿ 1ರಿಂದ ಅಲ್ಲಿ ಯೂರೊ ಚಲಾವಣೆಯಲ್ಲಿದೆ. ಮನೆಯವರೇ ನಡೆಸುವ ಊಟದ ಮನೆಗೆ ಅಲ್ಲಿ ಕೊನೊಬಾ ಎನ್ನುತ್ತಾರೆ.

ಈಗ ಹೊತ್ತಿನ ವಿಷಯ. ಸ್ಪ್ಲಿಟ್, ದುಬ್ರೊವ್ನಿಕ್ ಇರುವ ಈ ಕರಾವಳಿ ಪ್ರದೇಶಕ್ಕೆ ಡಾಲ್ಮೇಷಿಯಾ ಎಂದು ಹೆಸರು. ಇಲ್ಲಿ ಬೆಳಗಿನ ಕೆಲಸದ ನಡುವೆ ಉಣ್ಣುವ ಊಟವೊಂದಿದೆ, ಮರೆಂಡಾ. ನಸುಕಿನಲ್ಲೇ ದುಡಿಮೆಗಿಳಿಯುವವರ ಊಟ. ಸ್ಪ್ಲಿಟ್‌ನ ಮೀನು ಮಾರುಕಟ್ಟೆಯ ಸುತ್ತಲಿನ ಓಣಿಗಳಲ್ಲಿ ಮಧ್ಯಾಹ್ನಕ್ಕೆ ಮೊದಲೇ ಅಡ್ಡಾಡಿ. ಆ ದಿನದ ನಾಲ್ಕಾರು ಅಡುಗೆಗಳನ್ನಷ್ಟೇ ಹಲಗೆಯ ಮೇಲೆ ಬರೆದು, ಊರವರಿಂದ ತುಂಬಿರುವ ಜಾಗ ಕಂಡರೆ ಒಳಗೆ ಹೋಗಿ. ರಾತ್ರಿಯ ಊಟಕ್ಕಿಂತ ಸಾಮಾನ್ಯವಾಗಿ ಅಗ್ಗ, ಅಡುಗೆಯೂ ಮನೆಯದರ ಹಾಗೆ.

[ಪರದೆಯಲ್ಲಿ: ಒಲೆ, ಕೆಂಡ, ಕಬ್ಬಿಣದ ಮುಚ್ಚಳ]

ಇನ್ನು ನನಗೆ ತುಂಬ ಪ್ರಿಯವಾದ ಪೆಕಾ. ಅಗಲವಾದ ತಟ್ಟೆಯಲ್ಲಿ ಆಲೂಗಡ್ಡೆ, ಈರುಳ್ಳಿ, ಕುರಿಮರಿಯ ಮಾಂಸ ಅಥವಾ ಆಕ್ಟೋಪಸ್. ಅದರ ಮೇಲೆ ಗುಮ್ಮಟದಂಥ ಕಬ್ಬಿಣದ ಮುಚ್ಚಳ ಕವುಚಿ, ಮುಚ್ಚಳದ ಮೇಲೆ ಕೆಂಡ ಸುರಿಯುತ್ತಾರೆ. ಉತ್ತರ ಕನ್ನಡದ ಹಳೆಯ ಅಡುಗೆಮನೆಗಳಲ್ಲಿ ಸೌತೆಕಾಯಿಯ ತವಸಳಿಗೆ ಮೇಲೂ ಕೆಳಗೂ ಕೆಂಡ ಕೊಡುತ್ತಿದ್ದ ಕ್ರಮವೇ ಇದು. ಮೇಲೆದ್ದ ಹಬೆ ಗುಮ್ಮಟಕ್ಕೆ ತಾಗಿ ಮತ್ತೆ ಅಡುಗೆಯ ಮೇಲೇ ತೊಟ್ಟಿಕ್ಕುತ್ತದೆ. ಮಾಂಸದ ರಸವನ್ನೆಲ್ಲ ಆಲೂಗಡ್ಡೆ ಕುಡಿಯುತ್ತದೆ. ನನ್ನ ಮಟ್ಟಿಗೆ ಆ ತಟ್ಟೆಯ ರಾಜ ಆಲೂಗಡ್ಡೆಯೇ. ಆಕ್ಟೋಪಸ್ಸನ್ನು ಮೊದಲು ಹೆಪ್ಪುಗಟ್ಟಿಸುವುದೂ ಉಂಟು. ಅದು ಹಳಸಲು ಎಂದು ಭಾವಿಸಬೇಡಿ: ಮಂಜುಗಡ್ಡೆ ಅದರ ನಾರನ್ನು ಒಡೆಯುವುದರಿಂದ ಮಾಂಸ ಮೆತ್ತಗಾಗುತ್ತದೆ.

ಇದು ಬೇಯಲು ಎರಡು ಗಂಟೆಯಾದರೂ ಬೇಕು. ಆದ್ದರಿಂದಲೇ ಪೆಕಾ ಒಳ್ಳೆಯ ಪರೀಕ್ಷೆ. "ನಾಳೆಗೆ ಬೇಕಿದ್ದರೆ ಇಂದೇ ಹೇಳಿ, ಎಷ್ಟು ಜನ ಬರುತ್ತೀರಿ?" ಎಂದು ಕೇಳುವ ಕೊನೊಬಾವನ್ನು ನಂಬಿ. ಕುಳಿತ ಹತ್ತು ನಿಮಿಷಕ್ಕೆ ಪೆಕಾ ತಂದಿಟ್ಟರೆ, ಅದು ಮೊದಲೇ ಬೇಯಿಸಿಟ್ಟು ಬಿಸಿ ಮಾಡಿದ್ದು ಎಂದು ಅನುಮಾನಿಸಿ.

[ಪರದೆಯಲ್ಲಿ: ಮೀನಿನ ತಟ್ಟೆಗಳು]

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೀನಿನ ಬೆಲೆ ಹೆಚ್ಚಾಗಿ ಕಿಲೋ ಲೆಕ್ಕದಲ್ಲಿರುತ್ತದೆ. ಬೇಯಿಸುವ ಮೊದಲೇ ಮೀನು ತೋರಿಸಿ, ತೂಗಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಬಿಳಿ ಮೀನು ದುಬಾರಿ, ಕೆಂಡದಲ್ಲಿ ಸುಟ್ಟ ಸಾರ್ಡೀನ್ ಅಗ್ಗ ಮತ್ತು ಅಷ್ಟೇ ರುಚಿ. ಸಿಂಪಿ ತಿನ್ನುವವರು ದುಬ್ರೊವ್ನಿಕ್‌ನ ದಟ್ಟಣೆ ಬಿಟ್ಟು ಮಾಲಿ ಸ್ಟೊನ್ ಎಂಬ ಊರಿಗೆ ಹೋಗಲಿ, ಸಿಂಪಿ ಸಾಕುವ ಕೊಲ್ಲಿಯ ದಡದಲ್ಲೇ ತಿನ್ನಬಹುದು. ಸಸ್ಯಾಹಾರಿಗಳೇ, ಸ್ಪ್ಲಿಟ್ ಸಮೀಪದ ಪೊಲ್ಯಿತ್ಸಾ ಪ್ರದೇಶದ ಸೊಪಾರ್ನಿಕ್ ಕೇಳಿ: ತೆಳು ಹಿಟ್ಟಿನ ಎರಡು ಹಾಳೆಗಳ ನಡುವೆ ಸೊಪ್ಪು ತುಂಬಿ ಒಲೆಯ ಮೇಲೆ ಬೇಯಿಸಿ, ಆಲಿವ್ ಎಣ್ಣೆ, ಬೆಳ್ಳುಳ್ಳಿ ಸವರುತ್ತಾರೆ. ಚಳಿಗಾಲದಲ್ಲಿ ದ್ವೀಪಗಳ ಅನೇಕ ಕೊನೊಬಾಗಳು ಬಾಗಿಲು ಹಾಕುತ್ತವೆ, ದೋಣಿ ಹತ್ತುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.