ಎಕ್ಸ್‌ಪಾರ್ಟಿ ಡಿಕ್ರಿ ರದ್ದು ಮಾಡ್ಸೋಕೆ ಹೋದಾಗ ಕೋರ್ಟ್ ಕೇಳೋದೇನು?

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೇ ಬರ್ತೀನಿ. ಒಂದು ಕೇಸ್ ಹೀಗಿದೆ ಅಂದ್ಕೊಳ್ಳಿ, ಕಟ್ಟಡ ಕಟ್ಟೋವಾಗ ಸೆಂಟ್ರಿಂಗ್ ಕುಸಿದು ಪಕ್ಕದಲ್ಲಿ ಹೋಗ್ತಿದ್ದೋರ ಕಾಲು ಮುರೀತು, ಅವ್ರು ಕಂಟ್ರಾಕ್ಟರ್ ನಿರ್ಲಕ್ಷ್ಯದಿಂದ ಹೀಗಾಯ್ತು ಅಂತ ಸಿವಿಲ್ ದಾವೆ ಹಾಕಿ ಪರಿಹಾರ ಕೇಳಿದ್ರು. ಸಮನ್ಸ್ ಹೋಗಿದ್ದು ಕಂಟ್ರಾಕ್ಟರ್ ಯಾವತ್ತೋ ಖಾಲಿ ಮಾಡಿದ್ದ ಆಫೀಸಿಗೆ, ಅಮೀನರು, ಅಂದ್ರೆ ಸಮನ್ಸ್ ತಲುಪಿಸೋ ಕೋರ್ಟ್ ಸಿಬ್ಬಂದಿ, ಬಾಗಿಲಿಗೆ ಅಂಟಿಸಿ ಬಂದ್ರು, ಕೇಸ್ ಕೂಗಿದಾಗ ಪ್ರತಿವಾದಿ ಇಲ್ಲ, ಎಕ್ಸ್‌ಪಾರ್ಟಿ, ಅಂದ್ರೆ ಪ್ರತಿವಾದಿ ಗೈರಲ್ಲೇ ಕೇಸ್ ನಡೀಲಿ ಅಂತ ಇಟ್ರು, ವಾದಿ ಅಫಿಡವಿಟ್ ಕೊಟ್ರು, ಪರಿಹಾರ ಕೊಡಿ ಅಂತ ಡಿಕ್ರಿ, ಅಂದ್ರೆ ಕೋರ್ಟಿನ ಅಂತಿಮ ಆದೇಶ ಆಯ್ತು. ಕಂಟ್ರಾಕ್ಟರ್‌ಗೆ ಗೊತ್ತಾಗಿದ್ದು ಬ್ಯಾಂಕ್ ಅಕೌಂಟ್ ಜಪ್ತಿ ಆದ ದಿನ.

ವಕೀಲರ ಹತ್ರ ಓಡಿ ಬಂದೋರು ಮೊದ್ಲು ಹೇಳೋದು "ನಂದೇನೂ ತಪ್ಪಿಲ್ಲ ಸಾರ್, ಸೆಂಟ್ರಿಂಗ್ ಸರಿಯಾಗೇ ಇತ್ತು" ಅಂತ. ಸಂಕಟದಲ್ಲಿರೋರು ಇನ್ನೇನು ಹೇಳ್ತಾರೆ. ಆದ್ರೆ ಇಂಥ ಡಿಕ್ರಿ ರದ್ದು ಮಾಡಿ ಅಂತ ಅರ್ಜಿ ಹಾಕೋದು ಸಿಪಿಸಿ, ಅಂದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 9 ರೂಲ್ 13ರ ಕೆಳಗೆ, ಅದರಲ್ಲಿ ಆ ಪ್ರಶ್ನೆನೇ ಇಲ್ಲ, ಅಲ್ಲಿರೋದು ಎರಡೇ, ಸಮನ್ಸ್ ಸರಿಯಾಗಿ ಜಾರಿ ಆಗ್ಲಿಲ್ವಾ, ಇಲ್ಲಾಂದ್ರೆ ಆ ದಿನ ಬರೋಕಾಗದಷ್ಟು ಸಾಕಷ್ಟು ಕಾರಣ ಇತ್ತಾ. ಸೆಂಟ್ರಿಂಗ್ ಬಗ್ಗೆ ಪುಟಗಟ್ಟಲೆ ಬರ್ದು ಗೈರಿನ ಬಗ್ಗೆ ಎರಡು ಸಾಲು ಬರೆಯೋ ಅಫಿಡವಿಟ್‌ಗಳು ಬಿದ್ದೋಗೋದು ಇಲ್ಲೇ, ನಂಗೆ ಇದು ನಿಜಕ್ಕೂ ಬೇಜಾರು, ಯಾಕಂದ್ರೆ ಒಳ್ಳೆ ಡಿಫೆನ್ಸ್ ಇದ್ದೋರೂ ಹೀಗೇ ಸೋಲ್ತಾರೆ. ಇಂಗ್ಲೆಂಡಲ್ಲಿ ಲೆಕ್ಕ ಬೇರೆ, 1937ರ ಎವಾನ್ಸ್ ವರ್ಸಸ್ ಬಾರ್ಟ್ಲಮ್ ಕೇಸಿಂದಲೂ ಡಿಫೆನ್ಸಲ್ಲಿ ಹುರುಳಿದ್ಯಾ ಅನ್ನೋದನ್ನೇ ಮುಖ್ಯವಾಗಿ ನೋಡ್ತಾರೆ, ಅದನ್ನ ಓದ್ಕೊಂಡು ಬಂದು ಇಲ್ಲಿ ವಾದ ಮಾಡಿದ್ರೆ ನಡೆಯಲ್ಲ.

ಸಮನ್ಸ್ ವಿಷಯಕ್ಕೆ ಬನ್ನಿ. ಆಫೀಸ್ ಖಾಲಿ ಮಾಡಿದ್ದಕ್ಕೆ ಬಾಡಿಗೆ ಕರಾರು, ಜಿಎಸ್‌ಟಿಲಿ ಅಡ್ರೆಸ್ ಬದ್ಲಾಯ್ಸಿದ ದಾಖಲೆ, ಕರೆಂಟ್ ಬಿಲ್ಲು, ಏನಿದ್ಯೋ ಎಲ್ಲಾ ತಾರೀಖಿನ ಸಮೇತ ಹಾಕಿ. ಜಾರಿಯಲ್ಲಿ ಚಿಕ್ಕ ಲೋಪ ಇದೆ ಅಂದ ಮಾತ್ರಕ್ಕೆ ಡಿಕ್ರಿ ರದ್ದಾಗಲ್ಲ, ಹಿಯರಿಂಗ್ ದಿನ ಗೊತ್ತಿತ್ತು, ಬಂದು ಉತ್ತರ ಕೊಡೋಕೆ ಟೈಮೂ ಇತ್ತು ಅಂತ ಕೋರ್ಟಿಗೆ ಮನವರಿಕೆ ಆದ್ರೆ ಅರ್ಜಿ ಅಲ್ಲಿಗೇ ಮುಗೀತು. ರಿಜಿಸ್ಟರ್ ಪೋಸ್ಟ್ ತಗೊಳ್ಳಲ್ಲ ಅಂತ ವಾಪಸ್ ಕಳ್ಸಿದ್ರೆ ಅದೂ ಜಾರಿ ಆದಂಗೇನೇ. ಇನ್ನು ಸಾಕಷ್ಟು ಕಾರಣ ಅನ್ನೋದನ್ನ ಗೈರಾದ ಆ ದಿನಕ್ಕೆ ನೋಡ್ಬೇಕು, ಹಿಂದಿನ ನಡವಳಿಕೆನೆಲ್ಲ ಕೆದಕೋಕಾಗಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲಿ ಜಿ.ಪಿ. ಶ್ರೀವಾಸ್ತವ ಕೇಸಲ್ಲಿ ಹೇಳಿದೆ, ಪ್ರತಿವಾದಿಗೆ ತುಂಬಾ ಉಪಯೋಗಕ್ಕೆ ಬರೋ ತೀರ್ಪು ಅದು.

ಈ ಅರ್ಜಿ ಹಾಕೋಕೆ ಟೈಮು 30 ದಿನ, ಕಾಲಮಿತಿ ಹೇಳೋ ಲಿಮಿಟೇಶನ್ ಆಕ್ಟ್ ಆರ್ಟಿಕಲ್ 123. ಡಿಕ್ರಿ ದಿನದಿಂದ ಲೆಕ್ಕ, ಸಮನ್ಸ್ ಸರಿಯಾಗಿ ಜಾರಿ ಆಗದೇ ಇದ್ರೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ. ಹಾಗಾಗಿ ಅಕೌಂಟ್ ಜಪ್ತಿ ಆಗಿದೆ ಅಂತ ಬ್ಯಾಂಕಿಂದ ಬಂದ ಮೆಸೇಜನ್ನ ಡಿಲೀಟ್ ಮಾಡ್ಬೇಡಿ, ಗೊತ್ತಾದ ದಿನಕ್ಕೆ ಅದೇ ಸಾಕ್ಷಿ. ದಿನ ಮೀರಿದ್ರೆ ತಡವನ್ನ ಮನ್ನಿಸಿ ಅಂತ ಅದೇ ಆಕ್ಟಿನ ಸೆಕ್ಷನ್ 5ರ ಅರ್ಜಿನೂ ಜೊತೇಲೇ ಹಾಕಿ.

ಹಾಗಾದ್ರೆ ಸೆಂಟ್ರಿಂಗ್ ಕಥೆ ಎಲ್ಲಿ ಹೇಳೋದು ಅಂತೀರಾ? ಅದಕ್ಕೆ ಡಿಕ್ರಿ ಮೇಲೆ ಮೇಲಿನ ಕೋರ್ಟಿಗೆ ಹೋಗೋ, ಸಿಪಿಸಿ ಸೆಕ್ಷನ್ 96(2)ರ ಅಪೀಲ್ ಇದೆ. ಪ್ರತಿವಾದಿ ಬಂದಿಲ್ಲ ಅಂದ ತಕ್ಷಣ ನಿರ್ಲಕ್ಷ್ಯ ಸಾಬೀತಾಗ್ಬಿಡಲ್ಲ, ಕೋರ್ಟು ಕಣ್ಮುಚ್ಚಿ ಡಿಕ್ರಿ ಕೊಡೋ ಹಾಗಿಲ್ಲ ಅಂತ 1999ರ ಬಲರಾಜ್ ತನೇಜಾ ತೀರ್ಪಲ್ಲೇ ಇದೆ, ವಾದಿ ಕೊಟ್ಟ ಸಾಕ್ಷ್ಯದಲ್ಲೇ ಕಂಟ್ರಾಕ್ಟರ್ ತಪ್ಪು ಕಾಣ್ಸಲ್ಲ, ಆಸ್ಪತ್ರೆ ಬಿಲ್ಲೇ ಇಲ್ಲ ಅಂತ ಅಪೀಲಲ್ಲಿ ತೋರಿಸ್ಬಹುದು. ಅರ್ಜಿ, ಅಪೀಲು ಎರಡನ್ನೂ ಒಟ್ಟಿಗೇ ಹಾಕ್ಬಹುದು. ಆದ್ರೆ ಅಪೀಲು ಮೊದ್ಲೇ ವಜಾ ಆದ್ರೆ ರೂಲ್ 13ರ ಅರ್ಜಿ ಆಮೇಲೆ ನಿಲ್ಲಲ್ಲ, 2005ರ ಭಾನು ಕುಮಾರ್ ಜೈನ್ ತೀರ್ಪು ಓದಿ.

ಇನ್ನೊಂದು, ಅರ್ಜಿ ಹಾಕಿದ ಮಾತ್ರಕ್ಕೆ ಎಕ್ಸಿಕ್ಯೂಷನ್, ಅಂದ್ರೆ ಜಪ್ತಿ ಮಾಡಿ ಡಿಕ್ರಿ ದುಡ್ಡು ವಸೂಲಿ ಮಾಡೋದು, ನಿಲ್ಲಲ್ಲ, ಸ್ಟೇ ಬೇರೆ ಕೇಳ್ಬೇಕು, ಕೋರ್ಟು ಒಂದಷ್ಟು ದುಡ್ಡು ಡೆಪಾಸಿಟ್ ಮಾಡಿ ಅನ್ನಬಹುದು, ಎದುರು ಪಕ್ಷದ ಖರ್ಚು ಕೊಡಿ ಅಂತ ಕಾಸ್ಟೂ ಹಾಕ್ಬಹುದು. ಕಾಲು ಮುರ್ಕೊಂಡೋರು ವರ್ಷಗಟ್ಟಲೆ ಕಾದು ಪಡೆದ ಡಿಕ್ರಿ ಅದು, ಅವ್ರಿಗೆ ನೋಟಿಸ್ ಕೊಡದೇ ರದ್ದು ಮಾಡೋಕಾಗಲ್ಲ ಅಂತ ರೂಲ್ 14 ಹೇಳತ್ತೆ, ಅದು ಸರಿಯಾಗೇ ಇದೆ. ಅರ್ಜಿ ವಜಾ ಆದ್ರೆ ಆರ್ಡರ್ 43 ರೂಲ್ 1(ಡಿ) ಕೆಳಗೆ ಅಪೀಲಿದೆ. ಪ್ರಶ್ನೆಗಳಿದ್ರೆ ಈಗ ಕೇಳಿ.