ಸಾಲಿಗ್ರಾಮದೊಳಗಿನ ಸಮುದ್ರ, ಹಾಸಿಗೆ ಮೇಲೆ ಕೂತ ಮಾವ

[ಅಂಗೈಯಲ್ಲಿ ಒಂದು ಕಪ್ಪು ಕಲ್ಲು. ಕ್ಯಾಮೆರಾ ತೀರಾ ಹತ್ತಿರ.]

ಇದು ನಮ್ಮಜ್ಜಿಯ ದೇವರ ಪೆಟ್ಟಿಗೆಯಲ್ಲಿದ್ದ ಸಾಲಿಗ್ರಾಮ. ಮಡಿ ಇಲ್ಲದೆ ಮುಟ್ಟಿದ್ದಕ್ಕೆ ಅಮ್ಮ ಆಮೇಲೆ ಬೈಯುತ್ತಾರೆ, ಅದಿರಲಿ. ನಿಮ್ಮಲ್ಲಿ ಕೆಲವರ ಪ್ರಶ್ನೆ ಇದು: "ಸಾಲಿಗ್ರಾಮ ಸಿಗುವುದು ನೇಪಾಳದ ಬೆಟ್ಟಗಳ ನಡುವೆ. ಒಳಗಿರುವುದು ಸಮುದ್ರದ ಜೀವಿ ಅಂತೀರಿ. ಎರಡರಲ್ಲಿ ಒಂದು ಸುಳ್ಳು ಅಲ್ವಾ?"

ಎರಡೂ ನಿಜ.

ಮೊದಲು ಶಾಲೆಯ ಪಾಠ, ಹತ್ತೇ ಸೆಕೆಂಡು. ಭಾರತವನ್ನು ಹೊತ್ತ ಭೂಫಲಕ ದಕ್ಷಿಣದಿಂದ ಹೊರಟಿತು. ಒಂದು ಹಂತದಲ್ಲಿ ಅದರ ವೇಗ ವರ್ಷಕ್ಕೆ ಸುಮಾರು 15 ಸೆಂ.ಮೀ. ಇತ್ತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಗೆ ಗುದ್ದಿತು, ಹಿಮಾಲಯ ಎದ್ದಿತು. ಆಯ್ತು.

ಗುದ್ದುವ ಮೊದಲು ನಡುವೆ ಟೆಥಿಸ್ ಎಂಬ ಸಮುದ್ರ ಇತ್ತು. ಭಾರತದ ಕಡೆಯ ತಳ ನಿಧಾನವಾಗಿ ಕುಸಿಯುತ್ತಾ ಹೋಯಿತು, ಮೇಲೆ ಕೆಸರು ಪದರ ಪದರವಾಗಿ ತುಂಬುತ್ತಾ ಹೋಯಿತು. ಸುಮಾರು 15 ಕೋಟಿ ವರ್ಷಗಳ ಹಿಂದೆ ಆ ನೀರಲ್ಲಿ ಅಮೋನೈಟ್‌ಗಳು ಈಜುತ್ತಿದ್ದವು. ಸ್ಕ್ವಿಡ್‌ನ ದೂರದ ನೆಂಟರು, ಮೈಮೇಲೆ ಸುರುಳಿ ಚಿಪ್ಪು. ಸತ್ತು ಕಪ್ಪು ಕೆಸರಲ್ಲಿ ಹೂತುಹೋದವು. ಚಿಪ್ಪಿನ ಸುತ್ತ ಕೆಸರು ಗಟ್ಟಿಯಾಗಿ ಉಂಡೆ ಕಟ್ಟಿತು.

ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ. ಸಾಲಿಗ್ರಾಮ ಒಡೆದರೆ ಒಂದು ಹೋಳಿನಲ್ಲಿ ಸಕ್ಕರೆ ಗೊಂಬೆಯ ಹಾಗೆ ಉಬ್ಬಿದ ಚಿಪ್ಪು, ಇನ್ನೊಂದರಲ್ಲಿ ಮರದ ಅಚ್ಚಿನ ಹಾಗೆ ತಗ್ಗಾದ ಗುರುತು. ನಾವು ಚಕ್ರ ಅಂತ ಕೈಮುಗಿಯುವುದು ಆ ಚಿಪ್ಪಿನ ಏಣುಗಳಿಗೆ. ನನಗಂತೂ ಇದರಿಂದ ಭಕ್ತಿ ಕಮ್ಮಿ ಆಗಿಲ್ಲ. 15 ಕೋಟಿ ವರ್ಷ ಉಳಿದುಕೊಂಡ ವಸ್ತುವಿಗೆ ಒಂದು ನಮಸ್ಕಾರ ಜಾಸ್ತಿ ಏನಲ್ಲ.

ಡಿಕ್ಕಿಯಲ್ಲಿ ಆ ಸಮುದ್ರದ ತಳವೇ ಮಡಚಿಕೊಂಡು ಮೇಲೆದ್ದಿತು. ಈಗ ಕಾಳಿ ಗಂಡಕಿ ನದಿ ಆ ಕಪ್ಪು ಪದರಗಳನ್ನು ಕೊರೆದು ಉಂಡೆಗಳನ್ನು ಉರುಳಿಸಿಕೊಂಡು ಬರುತ್ತದೆ. ಎವರೆಸ್ಟ್‌ನ ತುದಿಯೂ ಸಮುದ್ರದ ಸುಣ್ಣಕಲ್ಲೇ, ಇನ್ನೂ ಹಳೆಯದು.

[ಹಾಸಿಗೆ, ಚುರುಮುರಿ ತಟ್ಟೆ. ಮಾವನ ಪಾತ್ರದಲ್ಲಿ ನಮ್ಮ ಕ್ಯಾಮೆರಾಮನ್.]

ಇನ್ನು ನನಗೆ ಇಷ್ಟವಾದ ಗುಂಡಿ. ಹತ್ತಿ ಹಾಸಿಗೆ ಮೇಲೆ ದಪ್ಪಗಿನ ಮಾವ ಕೂತರೆ ಏನಾಗುತ್ತದೆ? ಪಕ್ಕದ ತಟ್ಟೆ ಅವರ ಕಡೆಗೇ ಜಾರುತ್ತದೆ. ಹಿಮಾಲಯವೂ ಹಾಗೇ ಕೂತಿದೆ. ಭಾರದಿಂದ ಭಾರತದ ಫಲಕ ಬಾಗಿ, ಬೆಟ್ಟದ ಬುಡದಲ್ಲಿ ಉದ್ದಕ್ಕೂ ತಗ್ಗು ಬಿದ್ದಿದೆ. ಲಾಲ್‌ಬಾಗ್ ಬಂಡೆ ಇರುವ ಅದೇ ಫಲಕ ಸ್ವಾಮಿ, ಅಲ್ಲಿ ಹೋಗಿ ಬಾಗಿದೆ. ಹಾಗಾದರೆ ಗುಂಡಿ ಕಾಣುವುದಿಲ್ಲವಲ್ಲ? ನದಿಗಳು ತುಂಬಿಬಿಟ್ಟಿವೆ. ಆ ಭರ್ತಿಯ ಮೇಲ್ಭಾಗಕ್ಕೇ ಗಂಗಾ ಬಯಲು ಅಂತ ಹೆಸರು. ಬುಡದ ಹತ್ತಿರ ಅದರ ದಪ್ಪ ಹಲವು ಕಿ.ಮೀ.

ಮಾವ ಸುಮ್ನೆ ಕೂರುವವರಲ್ಲ, ದಕ್ಷಿಣಕ್ಕೆ ಸರಿಯುತ್ತಲೇ ಇದ್ದಾರೆ. ಹಳೆಯ ಭರ್ತಿಯ ಅಂಚು ಅವರ ಕೆಳಗೆ ಸಿಕ್ಕಿ ಮಡಚಿ ಮೇಲೆದ್ದಿದೆ. ಅದು ಶಿವಾಲಿಕ್ ಬೆಟ್ಟ. ಅದರ ಪದರಗಳನ್ನು ಕೆಳಗಿನಿಂದ ನೋಡುತ್ತಾ ಬನ್ನಿ. ತಳದಲ್ಲಿ ಜೇಡಿಯೇ ಜಾಸ್ತಿ, ನಡುವೆ ದಪ್ಪ ಮರಳುಗಲ್ಲು, ತುದಿಯಲ್ಲಿ ಗುಂಡುಕಲ್ಲು. ದೂರದ ಬೆಟ್ಟದಿಂದ ನಯವಾದ ಮಣ್ಣು ಬರುತ್ತದೆ, ಹತ್ತಿರದ ಬೆಟ್ಟದಿಂದ ಕಲ್ಲೇ ಉರುಳಿ ಬರುತ್ತದೆ. ಅಂದರೆ ಬೆಟ್ಟ ನಡೆದು ಹತ್ತಿರ ಬಂದದ್ದು ಆ ಪದರಗಳಲ್ಲಿ ದಾಖಲಾಗಿದೆ. ಇಷ್ಟು ಹೇಳುವುದಕ್ಕೇ ನಾನು ಈ ವಿಡಿಯೋ ಮಾಡಿದ್ದು, ನಿಜ ಹೇಳಬೇಕೆಂದರೆ.

ಎಡಿಟರ್ ಗಡಿಯಾರ ತೋರಿಸುತ್ತಿದ್ದಾನೆ. ಉಳಿದದ್ದು ಬೇಗ ಬೇಗ. ಡಿಕ್ಕಿ ಮುಗಿದಿಲ್ಲ. ಭಾರತ ಉತ್ತರಕ್ಕೆ ಸರಿಯುವುದರಲ್ಲಿ ವರ್ಷಕ್ಕೆ ಸುಮಾರು 2 ಸೆಂ.ಮೀ.ನಷ್ಟನ್ನು ಹಿಮಾಲಯ ಈಗಲೂ ನುಂಗುತ್ತಿದೆ, 2015ರ ನೇಪಾಳದ ಭೂಕಂಪ ಅದರದ್ದೇ. ಬಯಲಲ್ಲಿ ನಿಲ್ಲದ ಮಣ್ಣು ಬಂಗಾಳ ಕೊಲ್ಲಿಗೆ ಇಳಿದು, ಸಮುದ್ರದಡಿ ಸುಮಾರು 3,000 ಕಿ.ಮೀ. ಉದ್ದದ ಬೀಸಣಿಗೆಯಾಗಿ ಹರಡಿದೆ. ಅದೇ 2015ರಲ್ಲಿ ಒಂದು ಸಂಶೋಧನಾ ಹಡಗು ಅಲ್ಲಿ ಸಮುದ್ರದ ತಳವನ್ನು ಕೊರೆಯಿತು. ಜಾಗ ಎಲ್ಲಿ ಗೊತ್ತಾ? ಕನ್ಯಾಕುಮಾರಿಯ ನೇರ ಪೂರ್ವಕ್ಕೆ, ಶ್ರೀಲಂಕಾ ದಾಟಿ. ತಳದಿಂದ 1 ಕಿ.ಮೀ.ಗೂ ಆಳದವರೆಗೆ ಹೋದರು. ಮೇಲೆ ಬಂದ ಮರಳಿನಲ್ಲಿ ಹಿಮಾಲಯದ ಕಾಗೆಬಂಗಾರ ಇತ್ತು.

ಅಮ್ಮ ಬಂದರು. ಕಲ್ಲು ವಾಪಸ್ ಇಡಬೇಕು.