ಧನುಷ್ಕೋಡಿ: ಹಳಿ ಮುಗಿದ ಮೇಲಿನ ಊರು

ಈ ವಿಡಿಯೋದಲ್ಲಿ ನಿಜವಾಗಿ ಇರಬೇಕಿದ್ದದ್ದು ನಾನು ಅಲ್ಲೇ ನಿಂತು ಆಡಿದ ಮಾತು. ಆದ್ರೆ ಧನುಷ್ಕೋಡಿಯ ಗಾಳಿ ಅದನ್ನ ನುಂಗಿ ನೀರು ಕುಡಿದುಬಿಟ್ಟಿದೆ. ರಾತ್ರಿ ರೂಮಿಗೆ ಬಂದು ಹಾಕಿ ಕೇಳಿದ್ರೆ, ಫೂಟೇಜ್ ತುಂಬ ಬೊರ್ರೋ ಅನ್ನೋ ಒಂದೇ ಸದ್ದು. ನಡುವೆ ಎಲ್ಲೋ ನಾನು "ಇಲ್ನೋಡಿ, ಇಲ್ನೋಡಿ" ಅಂತ ಕಿರುಚ್ತಿದ್ದೀನಿ, ಏನನ್ನ ನೋಡಬೇಕು ಅನ್ನೋದೇ ಕೇಳ್ಸಲ್ಲ. ಆಷಾಢದಲ್ಲಿ ಹೋಗಿ ಎರಡು ಸಮುದ್ರದ ಮಧ್ಯೆ ನಿಂತವನಿಗೆ ಹಾಗೇ ಆಗಬೇಕು. ಅದಕ್ಕೇ ಚಿತ್ರ ಅಲ್ಲಿಂದು, ಮಾತು ಈಗಿಂದು.

ಬೆಳಗ್ಗೆ ರಾಮೇಶ್ವರದಿಂದ ಸರ್ಕಾರಿ ಬಸ್ ಹತ್ತಿದ್ವಿ. ಸುಮಾರು ಇಪ್ಪತ್ತು ಕಿಲೋಮೀಟರ್ ದಾರಿ. ಊರು ದಾಟಿ ಸ್ವಲ್ಪ ಹೊತ್ತಿಗೆ ನೆಲ ಸಣ್ಣದಾಗ್ತಾ ಬರುತ್ತೆ, ಒಂದು ಹಂತದಲ್ಲಿ ಎರಡೂ ಕಡೆ ಕಿಟಕಿಯಲ್ಲಿ ನೀರೇ. ನೋಡಿ, ಇದು ಬಲಗಡೆ, ಮನ್ನಾರ್ ಕೊಲ್ಲಿ. ಅಲೆ ಎದ್ದು ಬಡೀತಿದೆ. ಇದು ಎಡಗಡೆ, ಪಾಕ್ ಕೊಲ್ಲಿ. ಕೆರೆ ಥರ ಮಲಗಿದೆ. ಇಲ್ಲಿಯವರು ಬಲಗಡೆಯದನ್ನ ಆಣ್ ಕಡಲ್ ಅಂತಾರೆ, ಎಡಗಡೆಯದನ್ನ ಪೆಣ್ ಕಡಲ್. ಗಂಡು ಸಮುದ್ರ, ಹೆಣ್ಣು ಸಮುದ್ರ. ಆದ್ರೆ ಮಳೆಗಾಲ ತಿರುಗಿ ಈಶಾನ್ಯದ ಗಾಳಿ ಶುರುವಾದ್ರೆ ಸಾಧು ಅನ್ನಿಸಿಕೊಂಡ ಪೆಣ್ ಕಡಲಿಗೇ ಸಿಟ್ಟು ಬರುತ್ತಂತೆ. ಇದನ್ನ ನೆನಪಿಟ್ಕೊಳ್ಳಿ, ಡಿಸೆಂಬರ್ ಮಾತು ಮುಂದೆ ಬರುತ್ತೆ.

ದಾರಿಯಲ್ಲಿ ಕೋದಂಡರಾಮನ ದೇವಸ್ಥಾನದ ತಿರುವು ಸಿಗುತ್ತೆ. ವಿಭೀಷಣನಿಗೆ ಪಟ್ಟಾಭಿಷೇಕ ಆದದ್ದು ಅಲ್ಲೇ ಅನ್ನೋ ನಂಬಿಕೆ. ಅದರ ಸುತ್ತಲಿನ ಹಿನ್ನೀರಿಗೆ ಚಳಿಗಾಲದಲ್ಲಿ ಫ್ಲೆಮಿಂಗೋ ಹಕ್ಕಿಗಳು ಬರ್ತವೆ. ನಾವು ಹೋದಾಗ ಒಂದೂ ಇರಲಿಲ್ಲ, ಬಸ್ಸೂ ನಿಲ್ಲಿಸಲಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಧನುಸ್ಸಿನ ತುದಿ, ಅದೇ ಧನುಷ್ಕೋಡಿ. ಲಂಕೆಯಿಂದ ವಾಪಸ್ ಬಂದ ರಾಮ, ವಿಭೀಷಣ ಕೇಳಿಕೊಂಡ ಅಂತ ಬಿಲ್ಲಿನ ತುದಿಯಿಂದ ಸೇತುವೆ ಮುರಿದ ಅನ್ನೋದು ಕಥೆ. ಆದ್ರೆ ನನಗೆ ಮೊದಲು ನೆನಪಾದದ್ದು ನಮ್ಮ ಕುಂದಾಪುರದ ಕೋಡಿ, ಉಡುಪಿ ಕಡೆಯ ಕೋಡಿಬೆಂಗ್ರೆ. ನೆಲ ಮುಗಿದು ನೀರಿಗೆ ಚಾಚಿದ ಮರಳಿನ ನಾಲಿಗೆಗೆ ನಮ್ಮ ಕರಾವಳಿಯವರೂ ಕೋಡಿ ಅಂತಲೇ ಅಂತಾರೆ. ಬೋರ್ಡ್ ಓದೋಕೆ ಬರದಿದ್ರೂ ಊರಿನ ಹೆಸರು ಅರ್ಥ ಆಯ್ತು.

ಈಗ ಹಳೇ ಊರು. ಇಲ್ಲಿ ಇಳಿದ್ವಿ.

ಇದು ಚರ್ಚ್. ಸೂರಿಲ್ಲ, ಬರೀ ಗೋಡೆ. ಕ್ಯಾಮೆರಾ ಇಷ್ಟು ಹತ್ತಿರ ಯಾಕೆ ಹಿಡಿದಿದ್ದೀನಿ ಅಂದ್ರೆ, ಈ ಕಲ್ಲು ನೋಡಿ. ಇದು ಬಂಡೆಗಲ್ಲಲ್ಲ, ಹವಳದ ಕಲ್ಲು. ಸಮುದ್ರದಿಂದಲೇ ತೆಗೆದ ಹವಳದ ತುಂಡುಗಳನ್ನ ಗಾರೆ ಹಾಕಿ ಕಟ್ಟಿದ್ದಾರೆ. ಜೇನುಗೂಡಿನ ಥರ ತೂತು ತೂತು. ಉಪ್ಪುಗಾಳಿ ದಿನಾ ಸ್ವಲ್ಪ ಸ್ವಲ್ಪ ಕೆರೀತಿದೆ, ಬೆರಳಿಟ್ರೆ ಪುಡಿ ಅಂಟುತ್ತೆ. ಮುಟ್ಟಬಾರದಿತ್ತು, ಮುಟ್ಟಿದೆ. ಗೋಡೆ ಮೇಲೆ ಹೆಸರು ಕೆತ್ತಿದವರ ಸಾಲಂತೂ ದೊಡ್ಡದಿದೆ, ಅದರಲ್ಲಿ ಎರಡು ಕನ್ನಡದಲ್ಲಿವೆ. ನಾಚಿಕೆ ಆಯ್ತು, ಆ ಶಾಟ್ ಹಾಕಿಲ್ಲ.

ಇದು ರೈಲ್ವೆ ಸ್ಟೇಷನ್. ಅಂದ್ರೆ ಅದರಲ್ಲಿ ಉಳಿದದ್ದು. ಈ ಕಮಾನಿನ ಗೋಡೆ, ಆಚೆ ಉಗಿಬಂಡಿಗಳ ನೀರಿನ ಟ್ಯಾಂಕಿನ ಕಂಬಗಳು. ನಾನು ಅತಿ ಹೆಚ್ಚು ಹೊತ್ತು ಕೂತದ್ದು ಇಲ್ಲೇ. ಯಾಕಂದ್ರೆ ಧನುಷ್ಕೋಡಿ ಊರಾದದ್ದೇ ಈ ಸ್ಟೇಷನ್ನಿಂದ.

1914ರಲ್ಲಿ, ರಾಮೇಶ್ವರದ ದ್ವೀಪವನ್ನ ದೇಶದ ಮುಖ್ಯ ನೆಲಕ್ಕೆ ಜೋಡಿಸಿದ ಪಾಂಬನ್ ರೈಲು ಸೇತುವೆ ತೆರೆಯಿತು. ಅದಕ್ಕೂ ಮುಂಚೆ ಮದರಾಸಿನಿಂದ ಕೊಲಂಬೋಗೆ ಹೋಗೋರು ರೈಲಿನಲ್ಲಿ ತೂತ್ತುಕುಡಿಗೆ ಹೋಗಿ, ಅಲ್ಲಿಂದ ಹಡಗಲ್ಲಿ ದೊಡ್ಡ ಸಮುದ್ರ ದಾಟಬೇಕಿತ್ತು. ಸೇತುವೆ ಆದ ಮೇಲೆ ರೈಲು ಸೀದಾ ಇಲ್ಲಿಗೇ ಬಂತು. ಬೋಟ್ ಮೇಲ್ ಅಂತಲೇ ಅದರ ಹೆಸರು. ರೈಲಿಂದ ಇಳಿ, ಹಡಗು ಹತ್ತು, ಆಚೆ ದಡದ ತಲೈಮನ್ನಾರಲ್ಲಿ ಇಳಿ, ಮತ್ತೆ ರೈಲು ಹತ್ತು, ಕೊಲಂಬೋ. ಹಡಗುಗಳ ಹೆಸರು ಇರ್ವಿನ್ ಮತ್ತು ಗೋಶನ್. ಈ ಮರಳಿನ ಮೇಲೆ ಆಗ ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಶಾಲೆ, ಆಸ್ಪತ್ರೆ, ಯಾತ್ರಿಕರ ಛತ್ರ ಎಲ್ಲಾ ಇದ್ವು. ನಮ್ಮ ಕಡೆಯಿಂದ ಕಾಶಿ-ರಾಮೇಶ್ವರ ಯಾತ್ರೆ ಮಾಡಿದ ಹಿರಿಯರು ಸೇತುಸ್ನಾನ ಅಂತ ಬಂದು, ಇಲ್ಲಿಯ ಮರಳು ಗಂಟು ಕಟ್ಟಿಕೊಂಡು ಹೋದದ್ದೂ ಇದೇ ಸ್ಟೇಷನ್ ಮೂಲಕವೇ ಇರಬೇಕು.

ಸಾಮಾನ್ಯವಾಗಿ ಊರು ಮೊದಲು, ರೈಲು ಆಮೇಲೆ. ಇಲ್ಲಿ ಉಲ್ಟಾ.

ಈಗ ಆ ರಾತ್ರಿ. 1964ರ ಡಿಸೆಂಬರ್ 22. ಅಂಡಮಾನ್ ಕಡೆ ಹುಟ್ಟಿದ ಚಂಡಮಾರುತ ಸಿಲೋನ್ ದಾಟಿ ಇಲ್ಲಿಗೆ ಬಂತು. ಗಾಳಿಯ ವೇಗ ಗಂಟೆಗೆ 280 ಕಿಲೋಮೀಟರ್ ಅಂತ ಅಂದಾಜು. ಅಲೆಗಳ ಎತ್ತರ ಸುಮಾರು 7 ಮೀಟರ್. ಈ ಗೋಡೆ ಪಕ್ಕ ನಿಂತು ತಲೆ ಎತ್ತಿ ಲೆಕ್ಕ ಹಾಕಿದೆ, ಗೋಡೆಗಿಂತ ಮೇಲೆ ಹೋಗುತ್ತೆ.

ಹನ್ನೊಂದೂ ಐವತ್ತೈದಕ್ಕೆ ಪಾಂಬನ್ ಬಿಟ್ಟ 653ನೇ ನಂಬರಿನ ಪ್ಯಾಸೆಂಜರ್ ರೈಲು ಈ ಕಡೆ ಬರ್ತಿತ್ತು. ಲೆಕ್ಕದಲ್ಲಿ 110 ಪ್ರಯಾಣಿಕರು, 5 ಜನ ಸಿಬ್ಬಂದಿ. ಸ್ಟೇಷನ್ನಿಗೆ ಕೆಲವೇ ನೂರು ಮೀಟರ್ ಇರುವಾಗ ಸಿಗ್ನಲ್ ಕೆಟ್ಟು ಕತ್ತಲಲ್ಲಿ ನಿಂತಿದೆ. ಡ್ರೈವರ್ ಕಾದಿದ್ದಾರೆ. ಸಿಗ್ನಲ್ ಬರಲಿಲ್ಲ. ಸೀಟಿ ಹೊಡೆದು ನಿಧಾನಕ್ಕೆ ಮುಂದೆ ಬಿಟ್ಟಿದ್ದಾರೆ. ಅಷ್ಟರಲ್ಲಿ ಅಲೆ ಬಂತು. ಇಡೀ ರೈಲು ಹೋಯ್ತು.

ಈ ವಿಷಯದ ವಿಡಿಯೋಗಳಲ್ಲಿ ಇಲ್ಲಿಗೆ ಬರುವಾಗ ರೈಲಿನ ಕೂಗಿನ ಸದ್ದು ಹಾಕ್ತಾರೆ, ನೀವೂ ಕೇಳಿರ್ತೀರಿ. ನಾನು ಹಾಕಲ್ಲ. ಈ ಮರಳಿನ ಶಾಟನ್ನ ಸ್ವಲ್ಪ ಹೊತ್ತು ಬಿಟ್ಟಿದ್ದೀನಿ, ಅಷ್ಟೇ.

ಒಟ್ಟು ಸತ್ತವರು 1,800ರ ಆಸುಪಾಸು ಅಂತ ಅಂದಾಜು. ಮದರಾಸು ಸರ್ಕಾರ ಈ ಊರು ವಾಸಕ್ಕೆ ಯೋಗ್ಯ ಅಲ್ಲ ಅಂತ ಘೋಷಿಸಿತು. ಎಲ್ಲರೂ ಹೇಳೋ ಕಥೆ ಇಲ್ಲಿಗೆ ಮುಗಿಯುತ್ತೆ. ನನ್ನನ್ನ ಕೊರೆದದ್ದು ಇದರ ಮುಂದಿನ ಭಾಗ.

ಅದೇ ರಾತ್ರಿ ಪಾಂಬನ್ ಸೇತುವೆಯೂ ಒಡೆದಿತ್ತು. 120ಕ್ಕೂ ಹೆಚ್ಚು ಗರ್ಡರ್‌ಗಳು, ಅಂದ್ರೆ ಹಳಿ ಹೊರೋ ಉಕ್ಕಿನ ತೊಲೆಗಳು, ನೀರುಪಾಲು. ಹಡಗಿಗೆ ದಾರಿ ಬಿಡಲು ತೆರೆದುಕೊಳ್ಳೋ ಭಾಗ ಮಾತ್ರ ಉಳಿದಿತ್ತು. ರೈಲ್ವೆ ರಿಪೇರಿಗೆ ಇಟ್ಟ ಗಡುವು ಆರು ತಿಂಗಳು, ಮೇಲಧಿಕಾರಿ ಅದನ್ನ ಮೂರಕ್ಕೆ ಇಳಿಸಿದ್ರು. ಕೆಲಸ ವಹಿಸಿಕೊಂಡ ಎಂಜಿನಿಯರಿಗೆ ಆಗ 32 ವರ್ಷ. ಹೆಸರು ಇ. ಶ್ರೀಧರನ್, ಮುಂದೆ ಕೊಂಕಣ ರೈಲ್ವೆ, ದೆಹಲಿ ಮೆಟ್ರೋ ಕಟ್ಟಿದವರು. ಮೀನುಗಾರರ ಸಹಾಯದಿಂದ ಮುಳುಗಿದ ಗರ್ಡರ್‌ಗಳನ್ನ ಹುಡುಕಿ, ಮೇಲೆತ್ತಿ, ಮತ್ತೆ ಕೂರಿಸಿ, 46 ದಿನಕ್ಕೆ ರೈಲು ಓಡಿಸಿದ್ರು.

46 ದಿನ. ಆದ್ರೆ ಆ ರೈಲು ರಾಮೇಶ್ವರದಲ್ಲೇ ನಿಂತಿತು. ಅಲ್ಲಿಂದ ಇಲ್ಲಿಗೆ ಇದ್ದ ಹಳಿಯನ್ನ ಅರವತ್ತು ವರ್ಷ ದಾಟಿದ್ರೂ ಮತ್ತೆ ಹಾಕಿಲ್ಲ. ಲಂಕೆಯ ಹಡಗು ಕೂಡ ರಾಮೇಶ್ವರಕ್ಕೆ ಹೋಯ್ತು, 1980ರ ದಶಕದಲ್ಲಿ ಆಚೆ ಯುದ್ಧ ಜೋರಾದಾಗ ಅದೂ ನಿಂತಿತು. ತಪ್ಪು ಅಂತಿಲ್ಲ ನಾನು. ಈ ಮರಳಿನ ಪಟ್ಟಿ ನೋಡಿದ ಯಾರೂ ಇಲ್ಲಿ ಮತ್ತೆ ಊರು ಕಟ್ಟಿ ಅನ್ನಲ್ಲ. ಆದ್ರೂ ಧನುಷ್ಕೋಡಿ ಒಂದೇ ರಾತ್ರಿಯಲ್ಲಿ ಸತ್ತಿತು ಅನ್ನೋದನ್ನ ಈಗ ನನ್ನಿಂದ ಹೇಳೋಕಾಗಲ್ಲ. ಆ ರಾತ್ರಿ ಜನ ಸತ್ತರು. ಊರು ಸತ್ತದ್ದು ರೈಲು ಮತ್ತೆ ಬರದೇ ಇದ್ದಾಗ.

ಸತ್ತಿತು ಅಂತ ನಾನೇ ಹೇಳ್ತಿದ್ದೀನಿ, ಆದ್ರೆ ಈ ಹೆಂಗಸನ್ನ ನೋಡಿ, ಮುಖ ತೋರಿಸಿಲ್ಲ, ಬೇಡ ಅಂದ್ರು. ಚಿಪ್ಪಿನಿಂದ ಮಾಡಿದ ಸರ ಮಾರ್ತಾರೆ, ಹಿಂದೆ ಕಾಣೋ ಗರಿಯ ಗುಡಿಸಲು ಅವರದೇ. ಮೀನುಗಾರರ ಎಷ್ಟೋ ಕುಟುಂಬಗಳು ಇಲ್ಲೇ ಇವೆ. ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯೋ ಈ ಬಲೆಗೆ ಇಲ್ಲಿ ಕರೈವಲೈ ಅಂತಾರೆ, ನಮ್ಮ ಕರಾವಳಿಯ ಕೈರಂಪಣಿ. ನೀರು ಎಲ್ಲಿಂದ ಅಂತ ಕೇಳಿದೆ. ಕೈಯಲ್ಲೇ ಹಿಂದಿನ ಗುಂಡಿ ತೋರಿಸಿದ್ರು. ಮರಳಲ್ಲಿ ಅಗೆದ ಸಣ್ಣ ಗುಂಡಿ, ಸಮುದ್ರದಿಂದ ಸ್ವಲ್ಪವೇ ದೂರ, ಚಿಪ್ಪಲ್ಲಿ ಮೊಗೆದು ಕೊಡ ತುಂಬಿಸ್ತಾರೆ. ಒಂದು ಗುಟುಕು ಕುಡಿದೆ, ಸಿಹಿ! ಮಳೆಯ ನೀರು ಮರಳಿಗೆ ಇಳಿದು, ಹಗುರ ಆದ್ದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೇಲ್ತಾ ನಿಂತಿರುತ್ತೆ. ತುಂಬಾ ಆಳ ಅಗೆದ್ರೆ ಉಪ್ಪು ಬರುತ್ತೆ. ಎಲ್ಲಿ ನಿಲ್ಲಿಸಬೇಕು ಅನ್ನೋದು ಅವರ ಕೈಗೆ ಗೊತ್ತು. ಈ ಒಂದು ಗುಂಡಿಗಾಗಿ ಆದ್ರೂ ಈ ವಿಡಿಯೋಗೆ 'ಭೂತದ ಊರು' ಅಂತ ಥಂಬ್‌ನೇಲ್ ಹಾಕೋಕೆ ಮನಸ್ಸು ಬರಲಿಲ್ಲ. ಹೋಗುವಾಗ ಅದನ್ನೇ ಅಂದ್ಕೊಂಡು ಹೋಗಿದ್ದೆ ಅನ್ನೋದೂ ನಿಜ.

ಆಮೇಲೆ ಅರಿಚಲ್ ಮುನೈ. ಮುನೈ ಅಂದ್ರೆ ನಮ್ಮ ಮೊನೆ. 2017ರಲ್ಲಿ ರಸ್ತೆ ಇಲ್ಲಿವರೆಗೆ ಬಂತು, ಅದಕ್ಕೂ ಮುಂಚೆ ಮರಳಲ್ಲಿ ಜೀಪು, ವ್ಯಾನು. ರಸ್ತೆ ಒಂದು ಅಶೋಕ ಸ್ತಂಭಕ್ಕೆ ಸುತ್ತು ಹಾಕಿ ಅಲ್ಲಿಗೇ ಮುಗಿಯುತ್ತೆ. ಜಾತ್ರೆ ಥರ ಜನ, ಎಲ್ಲರ ಕೈಯಲ್ಲೂ ಸೆಲ್ಫಿ ಕೋಲು, ನನ್ನದೂ ಸೇರಿ. ಅಲ್ಲಿಂದ ಲಂಕೆ ಮೂವತ್ತು ಕಿಲೋಮೀಟರಿನೊಳಗೆ. ಕಣ್ಣಿಗೆ ಏನೂ ಕಾಣಲಿಲ್ಲ. ಜೇಬಲ್ಲಿ ಮೊಬೈಲ್ ಗುಂಯ್ ಅಂತು. ತೆಗೆದು ನೋಡಿದ್ರೆ, ಶ್ರೀಲಂಕಾಕ್ಕೆ ಸ್ವಾಗತ ಅಂತ ಮೆಸೇಜು. ಸ್ಕ್ರೀನ್‌ಶಾಟ್ ಹಾಕಿದ್ದೀನಿ ನೋಡಿ.

ಸಂಜೆ ಆಗ್ತಿದ್ದ ಹಾಗೆ ಪೊಲೀಸರು ಸೀಟಿ ಊದಿ ಎಲ್ಲರನ್ನೂ ಹೊರಡಿಸ್ತಾರೆ. ಕತ್ತಲಾದ ಮೇಲೆ ಪ್ರವಾಸಿಗರು ಇಲ್ಲಿರೋ ಹಾಗಿಲ್ಲ. ವಾಪಸ್ ಬಸ್ಸಲ್ಲಿ ಕಿಟಕಿ ಬದಲಾಯ್ತು, ಆಣ್ ಕಡಲ್ ಈಗ ನನ್ನ ಎಡಕ್ಕೆ. ಚರ್ಚ್ ದಾಟುವಾಗ ತೆಗೆದ ಕೊನೇ ಕ್ಲಿಪ್ ಇದು. ಅಂಗಡಿಯವರು ಚಿಪ್ಪಿನ ಸರಗಳನ್ನ ಬಟ್ಟೆಯಲ್ಲಿ ಸುತ್ತಿಡ್ತಿದ್ದಾರೆ, ಒಬ್ಬ ಹುಡುಗ ಆ ಗುಂಡಿಯ ಕಡೆ ಕೊಡ ಹಿಡ್ಕೊಂಡು ಹೊರಟಿದ್ದಾನೆ. ಇದರ ಸದ್ದು ತೆಗೆದಿಲ್ಲ, ಗಾಳಿ ಇದ್ದ ಹಾಗೇ ಬಿಟ್ಟಿದ್ದೀನಿ. ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ.